ಕಣ್ಣಿಗೆ ಕಾಣದ ಫಲಕ್ಕೂ ಒಂದು ಕಾಣಿಕೆ



ಅನಾಥಾಶ್ರಮಕ್ಕೆ ಅಕ್ಕಿ, ರೋಗಿಗೆ ಔಷಧ, ಬಡ ಮಗುವಿಗೆ ಶಾಲೆಯ ಫೀಸು ಎಂದು ಕೇಳಿದರೆ ನಮ್ಮ ಧರ್ಮಕೇಂದ್ರಗಳ ಜನ ಇಲ್ಲವೆನ್ನುವುದಿಲ್ಲ. ಆದರೆ ಯೇಸುಸಭೆಯ ಗುರುಗಳ ವಿಶ್ವವಿದ್ಯಾಲಯವೊಂದು ಸಂಶೋಧನೆಗೆ ನೆರವು ಬೇಡಿದರೆ, ಪೂಜೆ ಮುಗಿಸಿ ಹೊರಬರುವಾಗಲೇ ಗುಸುಗುಸು ಶುರುವಾಗುತ್ತದೆ: "ಅಷ್ಟು ದೊಡ್ಡ ಕಟ್ಟಡದವರಿಗೆ ನಮ್ಮ ದುಡ್ಡೇಕೆ ಫಾದರ್? ಹಸಿದವರಿಗೆ ಕೊಟ್ಟರೆ ಪುಣ್ಯವಾದರೂ ಬಂದೀತು." ನ್ಯಾಯವಾದ ಪ್ರಶ್ನೆ. ಬೈದು ಬಾಯಿ ಮುಚ್ಚಿಸುವಂಥದ್ದಲ್ಲ.

ನಿಮ್ಮ ಮನೆಯ ಗೋಡೆಯ ಮೇಲಿನ ಕ್ಯಾಲೆಂಡರನ್ನು ಒಮ್ಮೆ ನೋಡಿ. 1551ರಲ್ಲಿ ಸಂತ ಇಗ್ನೇಷಿಯಸರು ರೋಮಿನಲ್ಲಿ ಒಂದು ವಿದ್ಯಾಲಯ ತೆರೆದರು. ಅಲ್ಲಿ ಫೀಸು ಇರಲಿಲ್ಲ. ಅದಕ್ಕೆ ಹಣ ಕೊಟ್ಟವರು ಸ್ಪೇನಿನ ಗಾಂಡಿಯಾದ ಡ್ಯೂಕ್ ಆಗಿದ್ದ ಫ್ರಾನ್ಸಿಸ್ ಬೋರ್ಜಿಯಾ. ಆ ಹಣ ಸಾಲಲಿಲ್ಲ. ಸಾಲದ ಹೊರೆ ಬಹುಕಾಲ ಆ ಮನೆಯ ಬೆನ್ನು ಬಿಡಲಿಲ್ಲ. ಮುಂದೆ ಅದೇ ವಿದ್ಯಾಲಯದಲ್ಲಿ ಕ್ಲೇವಿಯಸ್ ಎಂಬ ಜರ್ಮನ್ ಗುರುಗಳು ದಶಕಗಳ ಕಾಲ ಗಣಿತ ಕಲಿಸಿದರು. ಆಗಿನ ಪಂಚಾಂಗದ ವರ್ಷ ನಿಜವಾದ ಸೌರವರ್ಷಕ್ಕಿಂತ ಸುಮಾರು 11 ನಿಮಿಷ ಉದ್ದವಾಗಿತ್ತು. ಹನ್ನೊಂದು ನಿಮಿಷಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ! ಆದರೆ ಶತಮಾನಗಳು ಕಳೆಯುತ್ತ ಅದು ಹತ್ತು ದಿನವಾಗಿ ಬೆಳೆದು, ಪಾಸ್ಕ ಹಬ್ಬದ ಲೆಕ್ಕವೇ ತಪ್ಪತೊಡಗಿತು. ಲಿಲಿಯಸ್ ಎಂಬ ವೈದ್ಯರು ತಿದ್ದುಪಡಿ ಸೂಚಿಸಿದರು. ಕ್ಲೇವಿಯಸ್ ಅದನ್ನು ಪರಿಶೀಲಿಸಿದರು, ಆಕ್ಷೇಪಗಳಿಗೆ ಉತ್ತರ ಬರೆದರು. 13ನೇ ಗ್ರೆಗೊರಿ ಪೋಪರ ಆಜ್ಞೆಯಂತೆ 1582ರ ಅಕ್ಟೋಬರ್ 4ರ ಮರುದಿನವೇ ಅಕ್ಟೋಬರ್ 15 ಆಯಿತು. (ಆವಿಲಾದ ಸಂತ ತೆರೇಸರು ಕಣ್ಮುಚ್ಚಿದ್ದು ಈ ಎರಡು ದಿನಗಳ ನಡುವಿನ ರಾತ್ರಿಯಲ್ಲೇ.)

ಹಣ ಕೊಟ್ಟ ಬೋರ್ಜಿಯಾ ಆ ವೇಳೆಗೆ ತೀರಿಹೋಗಿ ಹತ್ತು ವರ್ಷವಾಗಿತ್ತು. ಅವರು ಕೊಟ್ಟದ್ದು ಹುಡುಗರು ಓದಲೆಂದು, ಪಂಚಾಂಗಕ್ಕೆಂದಲ್ಲ. ಬಿತ್ತುವವನೊಬ್ಬ, ಕೊಯ್ಯುವವನು ಇನ್ನೊಬ್ಬ ಎಂದು ಪ್ರಭು ಯೇಸು ಯಕೋಬನ ಬಾವಿಯ ಬಳಿ ಶಿಷ್ಯರಿಗೆ ತಿಳಿಸಿದ್ದು ಇಂಥ ದಾನಕ್ಕೂ ಒಪ್ಪುತ್ತದೆ.

ಹಾಗಾದರೆ ಹಸಿದವರು? ಅದೇ ವಿದ್ಯಾಲಯದಲ್ಲಿ ಓದುತ್ತಿದ್ದ ಅಲೋಶಿಯಸ್ ಗೊನ್ಝಾಗ, 1591ರಲ್ಲಿ ರೋಮಿಗೆ ಪಿಡುಗು ಬಡಿದಾಗ ಪುಸ್ತಕ ಮುಚ್ಚಿಟ್ಟು ರೋಗಿಗಳ ಸೇವೆಗೆ ಇಳಿದರು. ಸೋಂಕು ತಗಲಿ 23ನೇ ವಯಸ್ಸಿನಲ್ಲಿ ಪ್ರಾಣಬಿಟ್ಟರು. ಗಣಿತ ಬೆಳೆದ ಮನೆಯೇ ಈ ಸಂತನನ್ನೂ ಕೊಟ್ಟಿತು. ಮಂಗಳೂರಿನಲ್ಲಿ 1880ರಲ್ಲಿ ಆರಂಭವಾಗಿ 2024ರಲ್ಲಿ ಡೀಮ್ಡ್ ವಿಶ್ವವಿದ್ಯಾಲಯವಾದ ಕಾಲೇಜಿಗೆ ಇವರದೇ ಹೆಸರು.

ನಮ್ಮ ನಾಡಿನದೇ ಮಾತು ಬೇಕೇ? ಬೆಂಗಳೂರಿನ ಸಂತ ಜೋಸೆಫರ ಕಾಲೇಜಿನ ಯೇಸುಸಭೆಯ ಗುರು, ಫಾದರ್ ಸೆಸಿಲ್ ಸಲ್ಡಾನಾ ಸಸ್ಯಶಾಸ್ತ್ರಜ್ಞರಾಗಿದ್ದರು. ಹಾಸನ ಜಿಲ್ಲೆಯ ಗಿಡಮರಗಳ ಗ್ರಂಥವನ್ನು ಅಮೆರಿಕದ ನಿಕಲ್ಸನ್ ಅವರೊಡನೆ ಸಂಪಾದಿಸಿ 1976ರಲ್ಲಿ ಹೊರತಂದರು. ಕರ್ನಾಟಕದ ಸಸ್ಯಸಂಪತ್ತಿನ ಮೊದಲ ಸಂಪುಟ 1984ರಲ್ಲಿ ಬಂತು, ಎರಡನೆಯದು 1996ರಲ್ಲಿ. ಎರಡರ ನಡುವೆ ಹನ್ನೆರಡು ವರ್ಷ! ಇಂಥ ಕೆಲಸಕ್ಕೆ ತಾಳ್ಮೆಯ ಹಣ ಬೇಕು. ನಾಳೆಯೇ ಫಲ ತೋರಿಸೆನ್ನುವ ಹಣದಿಂದ ಅದು ನಡೆಯದು. ಯಾವ ಮಣ್ಣಿನಲ್ಲಿ ಯಾವ ಗಿಡವಿದೆಯೆಂದೇ ತಿಳಿಯದಿದ್ದರೆ, ದೇವರ ಸೃಷ್ಟಿಯಲ್ಲಿ ನಾವು ಕಳೆದುಕೊಂಡದ್ದೇನೆಂಬುದೂ ತಿಳಿಯದು. ಆ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಯಿತು.

ಆದರೂ ಒಂದು ಮಾತು. ಮನೆಯಲ್ಲಿ ಸಾಲವಿದ್ದು ಮಕ್ಕಳ ಫೀಸು ಬಾಕಿಯಿದ್ದವರು ಇದಕ್ಕೆ ಕೊಡಬೇಕಾಗಿಲ್ಲ. ವಿನ್ಸೆಂಟ್ ದೆ ಪಾಲ್ ಸಭೆಯ ಡಬ್ಬಿಗೆ ಹಾಕುತ್ತಿದ್ದುದನ್ನು ತೆಗೆದು ಇಲ್ಲಿಗೆ ಹಾಕುವುದೂ ಬೇಡ. ಅದು ಒಬ್ಬರ ಬಟ್ಟಲಿನಿಂದ ಇನ್ನೊಬ್ಬರಿಗೆ ಬಡಿಸಿದ ಹಾಗೆ. ಮದುವೆಗೋ ಮೊದಲ ಪರಮಪ್ರಸಾದದ ಊಟಕ್ಕೋ ನಾವು ಮಾಡುವ ಆಡಂಬರದಲ್ಲಿ ಒಂದು ಪಾಲು ಸಾಕು. ಬಡ ವಿಧವೆಯ ಎರಡು ಕಾಸನ್ನು ಗಮನಿಸಿದ ಪ್ರಭು ಇದನ್ನೂ ಗಮನಿಸುತ್ತಾರೆ. ಕೊಡುವ ಮೊದಲು ಸಂಶೋಧನೆ ಯಾವುದು, ಯಾರಿಗೆ ಉಪಯೋಗ, ಲೆಕ್ಕ ಯಾವಾಗ ತೋರಿಸುತ್ತೀರಿ ಎಂದು ಧೈರ್ಯವಾಗಿ ಕೇಳಿ. ಹಾಗೆ ಕೇಳುವುದು ಅವಿಶ್ವಾಸವಲ್ಲ. ರಸೀದಿಯನ್ನು ಮರೆಯದೆ ಪಡೆಯಿರಿ, ರಾತ್ರಿಯ ಜಪಸರದಲ್ಲಿ ಆ ಪ್ರಯೋಗಶಾಲೆಯ ಹುಡುಗ ಹುಡುಗಿಯರನ್ನೂ ನೆನೆಯಿರಿ.