ಬೀಜಕ್ಕೆ ಬಿಟ್ಟ ಹೂವು

ಕ್ಯಾಲೆಂಡುಲಾ ನಮ್ಮ ಚೆಂಡುಹೂವಲ್ಲ. ಬಣ್ಣ ನೋಡಿ ಊರಿನವರು ಹಾಗೆಂದುಕೊಂಡರೆ ತಪ್ಪೇನಿಲ್ಲ ಬಿಡಿ. ನಮ್ಮದೆಂದುಕೊಂಡ ಚೆಂಡುಹೂವೂ ಮೆಕ್ಸಿಕೋ ಕಡೆಯಿಂದ ಬಂದದ್ದೇ. ಇದು ಮೆಡಿಟರೇನಿಯನ್ ಸೀಮೆಯದು, ತಂಪು ಬೇಕು. ಮುಂಬಯಿಯಲ್ಲಿ ತಂಪೆಂಬುದು ಡಿಸೆಂಬರಿನಲ್ಲಿ ಬಂದು ಫೆಬ್ರವರಿಯಲ್ಲಿ ಹೇಳದೆ ಕೇಳದೆ ಹೊರಟುಬಿಡುವ ನೆಂಟ. ಆದ್ದರಿಂದ ಮಳೆ ಪೂರ್ತಿ ಹೋದ ಮೇಲೆ, ಅಕ್ಟೋಬರ್ ಕೊನೆಗೆ, ಬೀಜ ಹಾಕಬೇಕು. ಡೊಂಬಿವಲಿಯ ನಮ್ಮ ಮನೆಯ ಕಿಟಕಿ ಗ್ರಿಲ್ಲಿನಲ್ಲಿ ಆರು ಕುಂಡಗಳಿವೆ. ಎರಡು ತಿಂಗಳ ಹೊತ್ತಿಗೆ ಹೂವು. ಏಪ್ರಿಲ್ ಬಿಸಿಲಿಗೆ ಎಲ್ಲ ಮುಗಿಯುತ್ತದೆ.

ಬಾಡಿದ ಹೂವನ್ನು ಕೂಡಲೇ ಚಿವುಟಿ ಎಂದು ತಿಳಿದವರೆಲ್ಲ ಹೇಳುತ್ತಾರೆ. ಬಿಟ್ಟರೆ ಬೀಜ ಕಟ್ಟುತ್ತದೆ. ಬೀಜ ಕಟ್ಟಿದ ಗಿಡ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಚಿವುಟಿದರೆ ಮತ್ತೆ ಮೊಗ್ಗು. ಸಲಹೆ ಸರಿಯೇ, ನಾನೂ ಚಿವುಟುತ್ತೇನೆ. ಆದರೆ ಇದೊಂದು ಬಗೆಯ ಮೋಸ ಅಲ್ವೆ? ಅದು ಹೂ ಬಿಡುವುದು ಬೀಜಕ್ಕಾಗಿ. ಆ ಒಂದನ್ನು ತಪ್ಪಿಸಿ ಉಳಿದ ಶ್ರಮವನ್ನೆಲ್ಲ ನನ್ನ ಕಿಟಕಿಯ ಅಂದಕ್ಕೆ ದುಡಿಸಿಕೊಳ್ಳುತ್ತೇನೆ.

ಇದನ್ನು ಮಾಟುಂಗದ ಗೆಳೆಯರೊಬ್ಬರ ಮುಂದೆ ಹೇಳಿದೆ. ಅವರು ನಕ್ಕರು. "ಗಿಡಕ್ಕೆ ಮನಸ್ಸೆಲ್ಲಿದೆ ಮಾರಾಯ್ರೆ? ಪೂಜೆಗೆ ದಿನಾ ಕೊಯ್ತೀವಲ್ಲ, ಆವಾಗ ಯೋಚನೆ ಬರ್ಲಿಲ್ವಾ?" ಒಪ್ಪುವ ಮಾತೇ. ಗಿಡಕ್ಕೆ ದುಃಖವಿದೆಯೆಂದು ನಾನೂ ನಂಬಿಲ್ಲ. ನನ್ನ ಅನುಮಾನ ಗಿಡದ ಬಗ್ಗೆ ಅಲ್ಲ, ಹೂವನ್ನಷ್ಟೇ ಕೇಳಿ ಅಭ್ಯಾಸವಾದ ಕೈಯ ಬಗ್ಗೆ. ಈ ಶಹರ ನಮ್ಮನ್ನೂ ಹೀಗೇ ಚಿವುಟುತ್ತದೆ. ಬಲವಂತವೇನಿಲ್ಲ. ಒಂದು ಬಡ್ತಿ, ಒಂದು ಮನೆ ಸಾಲದ ಕಂತು, ಮಗನ ಹತ್ತನೇ ಕ್ಲಾಸು. ಇನ್ನೊಂದು ವರ್ಷ ಎನ್ನುತ್ತೇವೆ, ಮತ್ತೆ ಮೊಗ್ಗು ಬರುತ್ತದೆ. ಊರಿಗೆ ಹೋದಾಗ ನೀವೆಲ್ಲ ಮೆಚ್ಚುವುದೂ ಆ ಹೂವನ್ನೇ. ಮಗ ಅಜ್ಜಿಯ ಜೊತೆ ಕನ್ನಡದಲ್ಲಿ ಎರಡು ವಾಕ್ಯ ಮುಗಿಸಿ ಮೂರನೆಯದಕ್ಕೆ ಹಿಂದಿ ಹಿಡಿದಾಗ ಯಾರೂ ಏನೂ ಅನ್ನುವುದಿಲ್ಲ.

ಶಿರಸಿಯಲ್ಲಿ ನಮ್ಮಮ್ಮ ದೀಪಾವಳಿಯ ಚೆಂಡುಹೂ ಮಾಲೆಯನ್ನು ಎಸೆಯುವವಳಲ್ಲ. ಒಣಗಿಸಿ, ಬೀಜ ಬಿಡಿಸಿ, ಕಾಗದದಲ್ಲಿ ಕಟ್ಟಿಡುತ್ತಾಳೆ. ನನ್ನ ಕುಂಡಗಳ ಸುದ್ದಿ ಕೇಳಿ ಫೋನಿನಲ್ಲಿ ಅಂದಳು: "ಹೂವೇನೋ ಆತು, ಬೀಜ ತೆಗೆದಿಟ್ಕಂಡ್ಯಾ?"

ಈಗ ಜನವರಿ ಕೊನೆಯಿಂದ ಪ್ರತಿ ಗಿಡದಲ್ಲಿ ಎರಡು ಹೂವನ್ನು ಮುಟ್ಟುವುದಿಲ್ಲ. ಎಸಳು ಉದುರಿ, ಬೆಕ್ಕಿನ ಉಗುರಿನಂಥ ಬೀಜಗಳು ಸುತ್ತಲೂ ಬಾಗಿ ನಿಂತು ಕಂದಾಗುತ್ತವೆ. ನೋಡಲು ಚೆಂದವಿಲ್ಲ. ಬಂದವರು ಇದ್ಯಾಕೆ ಕಿತ್ತಿಲ್ಲ ಎನ್ನುತ್ತಾರೆ. ಹೂವೂ ಕಡಿಮೆಯಾಗಿದೆ, ಹೆಂಡತಿಯ ತಕರಾರು ನ್ಯಾಯವೇ. ಇಲ್ಲಿಯ ನಾಲ್ಕು ತಿಂಗಳ ಮಳೆಯ ತೇವಕ್ಕೆ ಬೀಜ ಬೂಸು ಹಿಡಿಯುತ್ತದೆಂದು ಚೆನ್ನಾಗಿ ಒಣಗಿಸಿ ಗಾಜಿನ ಬಾಟಲಿಯಲ್ಲಿ ಹಾಕಿ ಬಿರಡೆ ಬಿಗಿದಿದ್ದೇನೆ. ಮುಚ್ಚಳದ ಮೇಲೆ ಹೆಸರು ಬರೆಯಲು ಮಗನಿಗೆ ಹೇಳಿದೆ. 'ಕ್ಯಾಲೆಂಡುಲಾ'ದ ಳ-ಲ ಯಾವುದೆಂದು ಅವನು ಕೇಳಿದ.