ತಿಳಿದಿರುವುದು ಮತ್ತು ಒಪ್ಪಿಕೊಳ್ಳುವುದು

'ನಾಲ್ಕು ತಲೆಮಾರಿಂದ ಇಲ್ಲೇ ಇದ್ದೇವೆ, ನಾವೂ ಮೂಲನಿವಾಸಿಗಳೇ.' ಸಕಲೇಶಪುರ, ಆಲೂರು ಸೀಮೆಯಲ್ಲಿ ಜಮೀನಿನ ಮಾತೆದ್ದಾಗ ಈ ವಾದ ಕೇಳಿಬರುತ್ತದೆ. ಇದು ತಲೆಮಾರು ಎಣಿಸಿ ಮುಗಿಸುವ ವಿಷಯವಲ್ಲ. ನಮಗಿಂತ ಮೊದಲು ಇಲ್ಲಿ ಜನರಿದ್ದರೆಂದು ತಿಳಿದಿರುವುದು ಬೇರೆ, ಅದನ್ನು ಒಪ್ಪಿಕೊಳ್ಳುವುದು ಬೇರೆ. ತಿಳಿದವನು ಏನನ್ನೂ ಬಿಟ್ಟುಕೊಡಬೇಕಿಲ್ಲ. ಒಪ್ಪಿಕೊಂಡವನನ್ನು ನಾಳೆ ಅವರು ಬಂದು ಕೇಳಬಹುದು: ನಾವು ಕಾಡಿಗೆ ಹೋಗುತ್ತಿದ್ದ ದಾರಿಗೆ ಬೇಲಿ ಯಾಕೆ ಹಾಕಿದಿರಿ? ಹಾಗೆ ಕೇಳುವ ಅಧಿಕಾರ ಅವರಿಗಿದೆ ಎಂದು ಮಣಿಯುವುದೇ ಒಪ್ಪಿಕೊಳ್ಳುವುದು. ಕೆನಡಾ, ಆಸ್ಟ್ರೇಲಿಯಾಗಳಲ್ಲಿ ಸಭೆಗೆ ಮೊದಲು ಆ ನೆಲದ ಮೂಲಜನರನ್ನು ಸ್ಮರಿಸುತ್ತಾರೆ. ಸ್ಮರಿಸಿದವರು ಉತ್ತರ ಕೊಡಲೂ ತಯಾರಿದ್ದರೆ ಮಾತ್ರ ಅದಕ್ಕೆ ಬೆಲೆ.

ಹೀಗೆ ಒಪ್ಪಿಕೊಳ್ಳುವುದಕ್ಕೆ ಅಡ್ಡ ನಿಂತವನು ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್. ನೆಲಕ್ಕೆ ದುಡಿಮೆ ಬೆರೆಸಿದವನದೇ ನೆಲ ಎಂದು 1689ರಲ್ಲಿ ಸಾರಿದ. ಅವನ ಲೆಕ್ಕದಲ್ಲಿ ಕಾಡಿನಲ್ಲಿ ಆಯ್ದವರಿಗೆ ಆಯ್ದ ಕಾಯಿ ಸೇರುತ್ತದೆ, ಕಾಡು ಸೇರುವುದಿಲ್ಲ. 1850ರ ದಶಕದಲ್ಲಿ ಮಂಜರಾಬಾದಿಗೆ, ಅಂದರೆ ಇದೇ ಸಕಲೇಶಪುರ ಸೀಮೆಗೆ, ಬಂದು ಕಾಫಿ ಹಾಕಿದ ಬ್ರಿಟಿಷ್ ತೋಟಗಾರ ರಾಬರ್ಟ್ ಎಲಿಯಟ್‌ನಿಂದ ಹಿಡಿದು ಇಂದಿನ ಒತ್ತುವರಿದಾರರವರೆಗೆ ಎಲ್ಲರಿಗೂ ಹಿಡಿಸುವ ತರ್ಕ. ಆದರೆ ದುಡಿದವರು ಯಾರು? ಗುಂಡಿ ತೋಡಿದವರು, ನೆರಳಿನ ಮರದ ಕೊಂಬೆ ಸವರಿ ಮರಗಸಿ ಮಾಡಿದವರು, ಹಣ್ಣು ಕೊಯ್ದವರು ತೋಟದ ಲೈನ್ ಮನೆಗಳ ಕೂಲಿಯವರು. ಲಾಕ್ ಅದಕ್ಕೂ ಉತ್ತರ ಇಟ್ಟುಕೊಂಡಿದ್ದ: ಆಳು ಕಡಿದದ್ದೂ ಒಡೆಯನದೇ! ಅವನ ಸಿದ್ಧಾಂತ ದುಡಿಮೆಯ ಪರವಾಗಿರಲೇ ಇಲ್ಲ.

ಬಂದವರೆಲ್ಲ ಒಡೆಯರಾಗಿಯೇ ಬರಲಿಲ್ಲ, ನಿಜ. ಗೊರೂರಿನ ಹೇಮಾವತಿ ಹಿನ್ನೀರಿಗೆ ಊರು ಕಳೆದುಕೊಂಡವರಿಗೂ ಈ ಕಡೆ ಜಮೀನು ಮಂಜೂರಾಯಿತು. ತಮ್ಮ ನೆಲ ಮುಳುಗಿದ ನೋವು ಗೊತ್ತಿರುವ ಅವರಿಗೆ ಇನ್ನೊಬ್ಬರ ನೋವು ಬೇಗ ಅರ್ಥವಾಗಬೇಕು.

ಕಾನೂನಿನ ತಕ್ಕಡಿ ನೋಡಿ. ಸರ್ಕಾರಿ ಕಂದಾಯ ಜಮೀನು ಒತ್ತುವರಿ ಮಾಡಿ ತೋಟ ಬೆಳೆದವರಿಗೆ 25 ಎಕರೆವರೆಗೆ 30 ವರ್ಷದ ಗುತ್ತಿಗೆ ಕೊಡಲು ರಾಜ್ಯ ಕಾನೂನು ತಿದ್ದಿತು. ಕಾಡಿನಲ್ಲಿ ಬದುಕಿದವರಿಗೆ 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಸಾಗುವಳಿಗೆ ಸಿಗುವುದು ಹೆಚ್ಚೆಂದರೆ 4 ಹೆಕ್ಟೇರ್, ಅಂದರೆ ಸುಮಾರು 10 ಎಕರೆ. ಪರಿಶಿಷ್ಟ ಪಂಗಡಕ್ಕೆ ಸೇರದ ಬಡ ಕುಟುಂಬವಾದರೆ 75 ವರ್ಷದ ವಾಸಕ್ಕೆ ಪುರಾವೆಯನ್ನೂ ತರಬೇಕು. ಕಾಗದವೇ ಇಲ್ಲದವರು ಎಲ್ಲಿಂದ ತರಬೇಕು?

ಅದೇ ಕಾಯ್ದೆಯ ನಿಯಮದಲ್ಲಿ ಒಂದು ದಾರಿಯಿದೆ. ಅರ್ಜಿದಾರರಲ್ಲದ ಊರಿನ ಹಿರಿಯರ ಹೇಳಿಕೆಯನ್ನು ಬರಹಕ್ಕಿಳಿಸಿದರೆ ಅದೂ ಸಾಕ್ಷ್ಯ. ಹಳೆಯ ತೋಟದ ಮನೆಗಳ ಹಿರಿಯರೇ, ನೀವು ಬರುವ ಮೊದಲು ಇಲ್ಲಿ ಯಾರಿದ್ದರೆಂದು ನಿಮಗೆ ಗೊತ್ತು. ಗ್ರಾಮಸಭೆಗೆ ಹೋಗಿ, ಅದನ್ನು ಹೇಳಿ, ರುಜು ಹಾಕಿ.