ಒಂದು ಒರೆ, ಎರಡು ಕತ್ತಿ

‘ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು.’ ಗಾದೆ ಕಟ್ಟಿದವರು ಅರಸರನ್ನೋ ದಾಯಾದಿಗಳನ್ನೋ ಮನಸ್ಸಿನಲ್ಲಿ ಇಟ್ಟುಕೊಂಡಿದ್ದಿರಬೇಕು. ರಷ್ಯಾದ ಜೀವವಿಜ್ಞಾನಿ ಗಾಸ್ 1934ರಲ್ಲಿ ಪ್ರಕಟಿಸಿದ ಪ್ರಯೋಗವೂ ಇದನ್ನೇ ಹೇಳುತ್ತದೆ. ನೀರಿನಲ್ಲಿ ಬದುಕುವ ಏಕಕೋಶ ಜೀವಿ ಪ್ಯಾರಮೀಸಿಯಂನ ಎರಡು ಜಾತಿಗಳನ್ನು ಒಟ್ಟಿಗೆ, ಒಂದೇ ಆಹಾರ ಕೊಟ್ಟು ಸಾಕಿದಾಗ ಒಂದು ಉಳಿಯಿತು, ಇನ್ನೊಂದು ಅಳಿಯಿತು. ಆದರೆ ಬೇರೊಂದು ಜೋಡಿಯಲ್ಲಿ ಎರಡೂ ಬದುಕಿದವು: ಒಂದು ಮೇಲಿನ ನೀರಿನಲ್ಲಿ ಮೇಯುತ್ತಿತ್ತು, ಇನ್ನೊಂದು ತಳದಲ್ಲಿ. ಗಾದೆ ಹೇಳದೆ ಬಿಟ್ಟಿದ್ದು ಇದನ್ನೇ. ಕತ್ತಿ ಎರಡಾದರೆ ಒರೆಯೂ ಎರಡಾಗಬಹುದು.

ಇದನ್ನು ನಮ್ಮ ಮಲೆನಾಡಿನಲ್ಲೇ ನೋಡಬಹುದು. ಹೊಸನಗರ ತಾಲ್ಲೂಕಿನ ಹುಲಿಕಲ್ ಮಳೆಯಲ್ಲಿ ಆಗುಂಬೆಗೆ ಸರಿಸಮ. ಈ ಘಟ್ಟಸಾಲಿನಲ್ಲಿ ಮಳೆ ಹಿಡಿದ ರಾತ್ರಿ ಟಾರ್ಚ್ ಹಿಡಿದು ಹೊರಟರೆ ಒರೆಗಳು ಒಂದೊಂದಾಗಿ ಕಾಣುತ್ತವೆ. ಹಾರುವ ಕಪ್ಪೆ ಹೊಂಡದ ಮೇಲೆ ಬಾಗಿದ ಕೊಂಬೆಯ ಎಲೆಗೆ ನೊರೆಗೂಡು ಕಟ್ಟುತ್ತದೆ. ಗೊದಮೊಟ್ಟೆಗಳು ಅಲ್ಲಿಂದ ನೀರಿಗೆ ಬೀಳುತ್ತವೆ. ಹೆಬ್ಬೆರಳ ಉಗುರಿನಷ್ಟಿರುವ ಪೊದೆಗಪ್ಪೆಗೆ ಹೊಂಡವೇ ಬೇಡ. ಮೊಟ್ಟೆಯೊಳಗೇ ಬೆಳೆದು, ಬಾಲವಿಲ್ಲದ ಮರಿಕಪ್ಪೆಯಾಗಿ ಹೊರಬರುತ್ತದೆ. ಇದಕ್ಕೆಲ್ಲ ಪೈಪೋಟಿಯೊಂದೇ ಕಾರಣವಲ್ಲ. ಹಾವು, ಮೀನು, ಹವೆಯ ಪಾಲೂ ಇದೆ. ಆದರೂ ಪೈಪೋಟಿಯ ಪಾಲು ಸಣ್ಣದಲ್ಲ.

ನಿಜವಾದ ಇಕ್ಕಟ್ಟು ಇರುವುದು ತನ್ನದೇ ಜಾತಿಯೊಳಗೆ. ಪ್ರಾಣಿಶಾಸ್ತ್ರಜ್ಞ ಸಿ.ಆರ್. ನಾರಾಯಣರಾಯರು 1937ರಲ್ಲಿ ವಿವರಿಸಿದ ಕೊಟ್ಟಿಗೆಹಾರದ ಕುಣಿಯುವ ಕಪ್ಪೆಯನ್ನೇ ನೋಡಿ. ಎಲ್ಲ ಗಂಡುಗಳಿಗೂ ಬೇಕಾದದ್ದು ಹಳ್ಳದ ಅದೇ ಕಲ್ಲು, ಅದೇ ಹೆಣ್ಣು. ಇಲ್ಲಿ ಎರಡನೆಯ ಒರೆಯಿಲ್ಲ. ನೀರಿನ ಭೋರ್ಗರೆತದಲ್ಲಿ ಕೂಗು ಸಾಲದು. ಅದಕ್ಕೇ ಗಂಡು ಹಿಂಗಾಲನ್ನು ನೀಳವಾಗಿ ಚಾಚಿ, ಬೆರಳ ನಡುವಿನ ಜಾಲಪೊರೆಯನ್ನು ಬಿಡಿಸಿ ಎದುರಾಳಿಗೆ ತೋರಿಸುತ್ತದೆ. ಅಷ್ಟಕ್ಕೂ ಹಿಂದೆ ಸರಿಯದಿದ್ದರೆ ಒದೆತ.

ಬೇರೆ ಬೇರೆ ಜಾತಿಗಳು ಒರೆ ಹಂಚಿಕೊಳ್ಳುವ ಲೆಕ್ಕ ದೊಡ್ಡ ಪ್ರಾಣಿಗಳಲ್ಲೂ ಇದೆ. ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಸನ್‌ಕ್ವಿಸ್ಟ್ ನಡೆಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಲಿಯ ಬೇಟೆಯ ಸರಾಸರಿ ತೂಕ 91.5 ಕಿಲೋ, ಚಿರತೆಯದು 37.6, ಕಾಡುನಾಯಿಯದು 43.4. ಕಾಟಿ, ಕಡವೆ ಇರುವವರೆಗೆ ಹುಲಿಗೆ ಬೇರೆ ಪಾಲಿದೆ. ಅವು ಖಾಲಿಯಾದರೆ ಮೂರೂ ಜಿಂಕೆಯ ಮೇಲೇ ಬೀಳುತ್ತವೆ, ಆಗ ಗಾದೆ ಅಕ್ಷರಶಃ ನಿಜವಾಗುತ್ತದೆ.

ಕಾಡಿನ ಒರೆಗಳನ್ನು ಕಸಿಯುತ್ತಿರುವವರು ನಾವು. ಹೊಂಡ ಮುಚ್ಚಿದಲ್ಲಿ, ಸಾಲಾಗಿ ಅಕೇಶಿಯಾ ನೆಟ್ಟಲ್ಲಿ ಹತ್ತು ಬಗೆಯ ಬದುಕಿಗೆ ಒಂದೇ ಬಗೆಯ ಜಾಗ ಉಳಿಯುತ್ತದೆ. ಮಲೆನಾಡಿನ ಬಂಧುಗಳೇ, ತೋಟದ ಹೊಂಡದ ಮೇಲೆ ಬಾಗಿದ ಕೊಂಬೆಯನ್ನು ಸವರುವ ಮುಂಚೆ ಒಮ್ಮೆ ತಲೆಯೆತ್ತಿ ನೋಡಿ. ನೊರೆಗೂಡು ಕಂಡರೆ ಮಳೆಗಾಲ ಮುಗಿಯುವವರೆಗೆ ಆ ಕೊಂಬೆಯನ್ನು ಬಿಟ್ಟುಬಿಡಿ.